ಅಪ್ಪ-ಅಮ್ಮನ ಜೊತೆ ಅಯೋನಾ ದ್ವೀಪ: ಒಂದು ದಿನ ಸಾಕಾ?

ಗ್ಲಾಸ್ಗೋ ವಾಸಿ:
ಮೇ ತಿಂಗಳಲ್ಲಿ ಮೈಸೂರಿನಿಂದ ಅಪ್ಪ-ಅಮ್ಮ ಬರ್ತಿದ್ದಾರೆ. ಅಪ್ಪ ನಿವೃತ್ತ ಇತಿಹಾಸ ಮೇಷ್ಟ್ರು, ಹಳೇ ಕಲ್ಲು ಕಂಡರೆ ಊಟ-ನಿದ್ದೆ ಬೇಡ. ಅಮ್ಮನಿಗೆ ಸಮುದ್ರ ಇಷ್ಟ, ಆದರೆ ಮಂಡಿನೋವು. ಸ್ಕಾಟ್ಲೆಂಡ್‌ನ ಪಶ್ಚಿಮ ಕರಾವಳಿಯ ಓಬನ್ ಪಟ್ಟಣದಲ್ಲಿ ರೂಮು ಮಾಡಿ, ಬೆಳಗ್ಗೆ ಅಯೋನಾಗೆ ಹೋಗಿ ಸಂಜೆ ವಾಪಸಾದರೆ ಆಗುತ್ತಾ?

ಕಲ್ಲುಹುಚ್ಚ:
ಆಗುತ್ತೆ, ಆದರೆ ಹಾಗೆ ಮಾಡಬೇಡಿ. ಓಬನ್‌ನಿಂದ ಮಲ್ ದ್ವೀಪದ ಕ್ರೇಗ್ನೂರ್‌ಗೆ ಫೆರ್ರಿ, ಅಲ್ಲಿಂದ ಒಂದೇ ಗಾಡಿ ಹಿಡಿಸುವ ರಸ್ತೆಯಲ್ಲಿ ಗಂಟೆಗೂ ಹೆಚ್ಚು ಬಸ್ಸು, ಮಲ್‌ನ ಆ ತುದಿಯ ಫಿನ್ನಫರ್ಟ್‌ನಲ್ಲಿ ಅಯೋನಾಗೆ ಮತ್ತೆ ಫೆರ್ರಿ. ದಿನವೆಲ್ಲ ದಾರಿಯಲ್ಲೇ ಕಳೆಯುತ್ತೆ.

ಒಂದು ರಾತ್ರಿ ಉಳಿಯಿರಿ ಅನ್ನೋದಕ್ಕೆ ಕಾರಣ ಅಲ್ಲಿನ ದೊಡ್ಡ ಕ್ರೈಸ್ತ ಮಠದ ಮುಂದಿರುವ ಸೇಂಟ್ ಮಾರ್ಟಿನ್ ಶಿಲುಬೆ. 8ನೇ ಶತಮಾನದ್ದು, ಒಂದೇ ಕಲ್ಲಿನಲ್ಲಿ ಕಡೆದದ್ದು, ನೆಟ್ಟ ಜಾಗದಲ್ಲೇ ಇವತ್ತಿಗೂ ನಿಂತಿದೆ. ಮಗುವನ್ನೆತ್ತಿಕೊಂಡ ಮೇರಿ, ಸಿಂಹಗಳ ನಡುವೆ ಡೇನಿಯಲ್, ಎಲ್ಲ ಪಶ್ಚಿಮದ ಮುಖದಲ್ಲಿವೆ. ಸವೆದ ಕೆತ್ತನೆ, ನಡುಹಗಲಲ್ಲಿ ಅಷ್ಟಾಗಿ ಕಾಣಿಸಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದೇ ಆಕೃತಿ ಎದ್ದು ಬರುತ್ತೆ. ಅಷ್ಟು ಹೊತ್ತಿಗೆ ದಿನದ ಪ್ರವಾಸಿಗರು ಹೊರಟುಹೋಗಿರ್ತಾರೆ.

ದೋಣಿ ಇಳಿದವರೆಲ್ಲ ನೇರ ದೊಡ್ಡ ಮಠಕ್ಕೆ ನಡೀತಾರೆ. ಕ್ರೈಸ್ತ ಸಂತ ಕೊಲಂಬಾ 563ರಲ್ಲಿ ಐರ್ಲೆಂಡ್‌ನಿಂದ ಬಂದು ನೆಲೆ ನಿಂತ ಜಾಗ, ನೋಡಲೇಬೇಕು. ಆದರೆ ಈಗಿನ ಕಟ್ಟಡದ ಬಹುಭಾಗ 20ನೇ ಶತಮಾನದಲ್ಲಿ ಮತ್ತೆ ಎಬ್ಬಿಸಿದ್ದು. ನನ್ನ ಮನಸ್ಸು ನಿಲ್ಲೋದು ದಾರಿಯಲ್ಲೇ ಸಿಗುವ ಸನ್ಯಾಸಿನಿಯರ ಮಠದಲ್ಲಿ. 13ನೇ ಶತಮಾನದ ಗುಲಾಬಿ ಗ್ರಾನೈಟ್ ಗೋಡೆ, ಸೂರಿಲ್ಲ, ಸುತ್ತ ಹೂವು. ಜೆಟ್ಟಿಗೆ ಹತ್ತಿರ, ಅಮ್ಮನಿಗೂ ಸುಲಭ.

ಅಪ್ಪನನ್ನು ಮಠದ ಹಿಂದಿನ ಮ್ಯೂಸಿಯಂನಲ್ಲಿ ಬಿಟ್ಟುಬಿಡಿ. ಕತ್ತಿ ಹಿಡಿದ ಯೋಧರು, ಹಾಯಿದೋಣಿಗಳನ್ನು ಕೆತ್ತಿದ ಸಮಾಧಿಕಲ್ಲುಗಳು ಅಲ್ಲಿವೆ; ನಮ್ಮ ವೀರಗಲ್ಲು ಓದಿದ ಕಣ್ಣಿಗೆ ಅವು ಬೇಗ ಒಲಿಯುತ್ತವೆ. 1493ರವರೆಗೆ ಈ ಕಡಲನ್ನು ಆಳಿದ 'ದ್ವೀಪಗಳ ಒಡೆಯರು' (ಲಾರ್ಡ್ಸ್ ಆಫ್ ದಿ ಐಲ್ಸ್) ಎಂಬ ದೊರೆಗಳ ಕಾಲದವೂ ಅದರಲ್ಲಿವೆ.

ಉಪ್ಪುಗಾಳಿ:
ಕಾರು ತರೋದಾದರೆ ಫಿನ್ನಫರ್ಟ್‌ನಲ್ಲೇ ಬಿಡಬೇಕು, ಪ್ರವಾಸಿಗರ ಗಾಡಿ ಅಯೋನಾಗೆ ಬಿಡಲ್ಲ. ಮೇನಲ್ಲಿ ಸ್ಟಾಫಾ ದ್ವೀಪಕ್ಕೂ ದೋಣಿ ಇರುತ್ತೆ. ಬಸಾಲ್ಟ್ ಕಂಬಗಳ ಫಿಂಗಲ್ ಗುಹೆ, ಪಫಿನ್ ಹಕ್ಕಿ ಎರಡೂ ಸಿಗುತ್ತೆ. ಅಲ್ಲಿ ಮೆಟ್ಟಿಲು ಕಡಿದು. ಅಮ್ಮ ದೋಣಿಯಲ್ಲೇ ಕೂತು ಗುಹೆ ನೋಡಲಿ.

ಗ್ಲಾಸ್ಗೋ ವಾಸಿ:
ಸರಿ, ಒಂದು ರಾತ್ರಿ ಅಲ್ಲೇ. ಅಮ್ಮನಿಗೆ ಹತ್ತದೆ ಇಳಿಯದೆ ಸಮುದ್ರ ಸಿಗುವ ಜಾಗ ಯಾವುದು?

ಕಲ್ಲುಹುಚ್ಚ:
ಜೆಟ್ಟಿ ಪಕ್ಕದ ಮರಳೇ ಚೆನ್ನಾಗಿದೆ. ನಡೆಯೋಕಾದರೆ ಉತ್ತರ ತುದಿಯ ಬಿಳಿ ಮರಳಿಗೆ ಹೋಗಿ, ಸುಮಾರು ಎರಡು ಕಿಲೋಮೀಟರ್. ರೂಮು ಮಾತ್ರ ಈಗಲೇ ಹಿಡಿಯಿರಿ, ಅಲ್ಲಿರೋದೇ ಕೆಲವು.