ಅಪ್‌ಡೇಟ್: ಸಂಡೂರಿನ ಎಕ್ಸ್‌ಪಲ್ಸ್ ಬಿಟ್ಟು ಬಂದೆ

ಸಂಡೂರಿನಲ್ಲಿ ಸೆಕೆಂಡ್ ಹ್ಯಾಂಡ್ ಹೀರೋ ಎಕ್ಸ್‌ಪಲ್ಸ್ 200 ಬೈಕ್ ಇದೆ, ಮೀಟರ್‌ನಲ್ಲಿ ಬರೀ 9,000 ಕಿ.ಮೀ., ನಂಬಬಹುದಾ ಎಂದು ಕೇಳಿದ್ದೆ. ಪರಿಚಯದ ಮೆಕ್ಯಾನಿಕ್ ಜೊತೆ ಹೋಗಿ ನೋಡಿದೆ.

ನೀವು ಹೇಳಿದಂತೆ ಮೊದಲು ಮೀಟರ್ ಬಿಟ್ಟು ಗಾಡಿ ನೋಡಿದೆವು. ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಚಕ್ರ) ಹಲ್ಲುಗಳು ಚೂಪಾಗಿ ಒಂದು ಕಡೆ ಬಾಗಿದ್ದವು. ಫುಟ್‌ರೆಸ್ಟ್ ಸವೆದು ನುಣ್ಣಗಾಗಿತ್ತು. ಬರೀ 9,000ಕ್ಕೆ ಇಷ್ಟು ಸವೆತ ಅಂದರೆ ಮೀಟರ್ ಮೇಲೆ ಅನುಮಾನ ಬಂತು. ಫೋರ್ಕ್ ಸೀಲ್ (ಮುಂದಿನ ಶಾಕ್‌ನ ಎಣ್ಣೆ ತಡೆಯುವ ರಬ್ಬರ್) ಸ್ವಲ್ಪ ಸೋರುತ್ತಿತ್ತು, ಅದು ದೊಡ್ಡ ಖರ್ಚಲ್ಲ ಬಿಡಿ. ಹೆದರಿಸಿದ್ದು ಏರ್ ಫಿಲ್ಟರ್. ಬಿಚ್ಚಿದರೆ ಅದಿರಿನ ಕೆಂಪು ಧೂಳು ಫಿಲ್ಟರ್ ದಾಟಿ ಒಳಗಿನ ಪೈಪಿನಲ್ಲೂ ಕೂತಿತ್ತು! ಅದು ಇಂಜಿನ್‌ಗೆ ಹೋದರೆ ಪಿಸ್ಟನ್ ರಿಂಗ್, ಸಿಲಿಂಡರ್ ಎರಡೂ ಸವೆಯುತ್ತವೆ, ಅಲ್ವಾ? ಸರ್ವಿಸ್ ಬಿಲ್ ಕೇಳಿದರೆ ಮಾಲೀಕರು ಮಾತು ತೇಲಿಸಿದರು.

ಈಗ ಕೊಪ್ಪಳದಲ್ಲಿ ಇನ್ನೊಂದು ಸಿಕ್ಕಿದೆ. 24,000 ಓಡಿದೆ, ಆದರೆ ಬಿಲ್ ಎಲ್ಲ ಇವೆ. ನನಗೆ ಇದೇ ವಾಸಿ ಅನಿಸುತ್ತಿದೆ. ಭಾನುವಾರ ಹೋಗುತ್ತೇನೆ, ಇಂಜಿನ್ ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತದೆ ನೋಡಬೇಕು, ಅದಕ್ಕೆ ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮಾಲೀಕರಿಗೆ ಹೇಳಿದ್ದೇನೆ.