ಪದಚರ್ಚೆ: ಕ್ಯಾನ್ಸರ್ ‘ತಿರುಗಿ ಬಂತು’ ಅಲ್ಲ, ಬೇರೆಯೇ ಬಂತು ಅನ್ನುವುದಕ್ಕೆ ಪದ?

ಗೆಳೆಯರೇ,

ಇಲ್ಲಿ ಕಾಸರಗೋಡಿನ ಬದಿಯಡ್ಕದ ಕಡೆ ನಮಗೆ ಬೇಕಾದ ಒಬ್ಬ ಅಕ್ಕನಿಗೆ ಕಿವಿಯ ಮುಂದೆ ಗಂಟು ಕಾಣಿಸಿತು. ಮೊದಲು ಎಲ್ಲರೂ ಕೆಪ್ಪಟರಾಯ ಅಂದರು, ನೀವು ಮಂಗನಬಾವು ಅನ್ನುತ್ತೀರಲ್ಲ, ಅದು. ಪರೀಕ್ಷೆ ಮಾಡಿಸಿದರೆ ಜೊಲ್ಲು ಗ್ರಂಥಿಯ ಕ್ಯಾನ್ಸರ್. ಅವರಿಗೆ ಹರೆಯದಲ್ಲಿ ಹಾಡ್ಕಿನ್ ಲಿಂಫೋಮಾ ಅನ್ನುವ, ದುಗ್ಧಗ್ರಂಥಿಗಳ ಕ್ಯಾನ್ಸರ್ ಆಗಿ, ಕುತ್ತಿಗೆಗೆ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಟ್ಟು ಗುಣವಾಗಿತ್ತು. ಊರಿನಲ್ಲಿ ಒಂದೇ ಮಾತು: ‘ತಿರುಗಿ ಬಂತಂತೆ.’ ಅಕ್ಕ ನನ್ನನ್ನು ಕೇಳಿದ್ದು ಇಷ್ಟೇ: ‘ಹಾಗಾದ್ರೆ ಮೊದಲಿನದ್ದು ಗುಣವೇ ಆಗಿರಲಿಲ್ವಾ?’

ಆಗಿತ್ತು. ಇದು ತಿರುಗಿ ಬಂದದ್ದಲ್ಲ, ಜೊಲ್ಲು ಗ್ರಂಥಿಯಲ್ಲೇ ಹೊಸದಾಗಿ ಹುಟ್ಟಿದ್ದು. ತಲೆ, ಕುತ್ತಿಗೆಗೆ ಕರೆಂಟ್ ಕೊಟ್ಟವರಲ್ಲಿ ಎಷ್ಟೋ ವರ್ಷ ಕಳೆದ ಮೇಲೆ ಹೀಗಾಗುವ ಸಾಧ್ಯತೆ ಸ್ವಲ್ಪ ಜಾಸ್ತಿ. ಹಳೆಯದು ಅಲ್ಲೇ ಮತ್ತೆ ತಲೆಯೆತ್ತಿದರೆ ‘ಮರುಕಳಿಸಿತು’ ಅನ್ನಬಹುದು. ಬೇರೆ ಕಡೆಗೆ ಹೋದರೆ ‘ಹಬ್ಬಿತು’. ಇದಕ್ಕೆ ಏನನ್ನೋಣ?

‘ಎರಡನೇ ಕ್ಯಾನ್ಸರ್’ ಅಂದು ನೋಡಿದೆ. ಅವರ ಮಗ ಬೆಚ್ಚಿಬಿದ್ದು, ‘ಸೆಕೆಂಡ್ ಸ್ಟೇಜಾ?’ ಅಂದ. ಇನ್ನು ಆಸ್ಪತ್ರೆಯಲ್ಲಿ ‘ಸೆಕೆಂಡರಿ’ ಅಂದರೆ ಹಬ್ಬಿದ್ದು ಎಂದೇ ಅರ್ಥ. ಅಲ್ಲಿಗೆ ‘ಎರಡನೇ’ ಪೂರ್ತಿ ಕೆಟ್ಟುಹೋಯಿತು.

ಗ್ರಂಥಿಯ ಹೆಸರಿನದೂ ತಕರಾರು ಉಂಟು. ಪಾಠಪುಸ್ತಕದ ‘ಲಾಲಾಗ್ರಂಥಿ’ ಅಕ್ಕನಿಗೆ ತಿಳಿಯಲಿಲ್ಲ. ‘ಎಂಜಲು’ ಅಂದರೆ ಮುಟ್ಟಬಾರದ್ದು ಅನ್ನುವ ನೆರಳು ಬರುತ್ತದೆ. ಮಲಯಾಳದ ‘ಉಮಿನೀರು’ ಇಲ್ಲಿ ಎಲ್ಲರಿಗೂ ಗೊತ್ತು, ಆದರೆ ಘಟ್ಟದ ಮೇಲಿನವರಿಗೆ? ನಾನು ‘ಜೊಲ್ಲು’ ಎಂದೇ ಇಟ್ಟುಕೊಂಡೆ, ಮಗುವಿನ ಬಾಯಿ ನೆನಪಾದರೂ ಪರವಾಗಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಬದುಕುಳಿಯುವ ಲೆಕ್ಕ. ಮೊದಲೊಂದು ಕ್ಯಾನ್ಸರ್ ಆದವರು ಎಷ್ಟು ಕಾಲ ಬದುಕುತ್ತಾರೆ ಅನ್ನುವುದನ್ನು ಡಾಕ್ಟರುಗಳು ಎರಡು ರೀತಿ ಎಣಿಸುತ್ತಾರೆ. ಯಾವ ಕಾರಣದಿಂದ ಸತ್ತರೂ ಸೇರಿಸುವುದು ಒಂದು. ಈ ಜೊಲ್ಲು ಗ್ರಂಥಿಯ ಕ್ಯಾನ್ಸರಿನಿಂದ ಸತ್ತವರನ್ನು ಮಾತ್ರ ಹಿಡಿಯುವುದು ಇನ್ನೊಂದು. ಹಳೆಯ ಕ್ಯಾನ್ಸರ್ ಮರುಕಳಿಸಿಯೋ, ಅದರ ಚಿಕಿತ್ಸೆಯಿಂದ ಹೃದಯ ಸೋತೋ ಹೋದವರು ಮೊದಲನೆಯ ಲೆಕ್ಕದಲ್ಲಿ ಬರುತ್ತಾರೆ, ಎರಡನೆಯದರಲ್ಲಿ ಬರುವುದಿಲ್ಲ. ಹಾಗಾಗಿ ‘ಹಿಂದೆ ಕ್ಯಾನ್ಸರ್ ಆಗಿತ್ತು, ಇನ್ನು ಆಸೆ ಕಡಿಮೆ’ ಅಂತ ಸುಮ್ನೆ ಹೇಳಿಬಿಡಲು ಬರುವುದಿಲ್ಲ. ಹಿಂದಿನದ್ದು ಯಾವುದು, ಗುಣವಾಗಿ ಎಷ್ಟು ವರ್ಷವಾಯಿತು, ಈಗಿನದ್ದು ಯಾವ ಬಗೆ, ಯಾವ ಹಂತ, ಎಲ್ಲವನ್ನೂ ನೋಡಬೇಕು. ಹೊಸ ಔಷಧಿಯ ಎಷ್ಟೋ ಪ್ರಯೋಗಗಳಿಗೆ ಇಂಥವರನ್ನು ಸೇರಿಸಿಕೊಳ್ಳದೇ ಇದ್ದದ್ದರಿಂದ ಅವರ ಬಗ್ಗೆ ತಿಳಿವಳಿಕೆಯೂ ಕಡಿಮೆ.

ಈ ಎರಡು ಲೆಕ್ಕಕ್ಕೆ ‘ಒಟ್ಟು ಉಳಿವು’, ‘ಈ ರೋಗದ ಮಟ್ಟಿನ ಉಳಿವು’ ಅಂತ ಬರೆದುಕೊಂಡಿದ್ದೇನೆ. ಎರಡನೆಯದು ಸರಕಾರಿ ಸುತ್ತೋಲೆಯ ಹಾಗಿದೆ, ಅಲ್ವಾ? ಮಲಯಾಳದಲ್ಲಿ ಉಳಿವಿಗೆ ‘ಅತಿಜೀವನಂ’. ಅದನ್ನು ಹೇಳಿದ್ದಕ್ಕೆ ಅಕ್ಕ ನಕ್ಕು, ‘ಅತಿಯಾಗಿ ಬೇಡ, ಮೊಮ್ಮಗಳ ಮದುವೆವರೆಗೆ ಸಾಕು’ ಅಂದರು.

ಮೊದಲಿನ ಪ್ರಶ್ನೆಗೆ ಸದ್ಯ ನನ್ನ ಕೈಯಲ್ಲಿರುವುದು ‘ಬೇರೆಹುಟ್ಟು’. ‘ಇದು ಮರುಕಳಿಕೆ ಅಲ್ಲ, ಬೇರೆಹುಟ್ಟು’ ಅಂದರೆ ನಿಮ್ಮ ಮನೆಯ ಹಿರಿಯರಿಗೆ ತಿಳಿಯುತ್ತದಾ? ಒಮ್ಮೆ ಹೇಳಿ ನೋಡಿ, ಅವರು ಏನೆಂದುಕೊಂಡರು ಅಂತ ಬರೆಯಿರಿ. ಚಾಮರಾಜನಗರ, ಸೊಲ್ಲಾಪುರದ ಕಡೆ ಬಳಕೆಯಲ್ಲಿ ಬೇರೆ ಪದ ಇದ್ದರೆ ನನ್ನದನ್ನು ಖುಷಿಯಿಂದ ಬಿಡುತ್ತೇನೆ.