ಎರಡು ಚುಕ್ಕೆ ಇಟ್ಟರೆ ಪೋಕೆಮಾನ್ ದಪ್ಪ ಆಗುತ್ತಾ?

ಪ್ರಶ್ನೆ: ನಮಸ್ಕಾರ. ಜಪಾನಿ ಕಲಿಯುತ್ತಿದ್ದೇನೆ, ಅಭ್ಯಾಸಕ್ಕೆಂದು ಪೋಕೆಮಾನ್ ಎಂಬ ಕಾಲ್ಪನಿಕ ಪ್ರಾಣಿಗಳನ್ನು ಹಿಡಿದು ಬೆಳೆಸುವ ಗೇಮ್ ಜಪಾನಿಯಲ್ಲೇ ಆಡುತ್ತೇನೆ. ಇಂಗ್ಲಿಷ್‌ನಲ್ಲಿ ಪಾಲಿವ್ಯಾಗ್ ಅನ್ನುವ ಗೊದಮೊಟ್ಟೆಗೆ ಅಲ್ಲಿ ನ್ಯೊರೊಮೊ ಅಂತ ಹೆಸರು. ಬೆಳೆದರೆ ನ್ಯೊರೊಜೊ, ಆಮೇಲೆ ನ್ಯೊರೊಬೊನ್. ಅರ್ಥ ಗೊತ್ತಿಲ್ಲದಿದ್ದರೂ ಕೊನೆಯದೇ ದೊಡ್ಡದು ಅಂತ ಕಿವಿಗೆ ಗೊತ್ತಾಗುತ್ತದೆ. ಇದು ಬರೀ ನನ್ನ ಭ್ರಮೆನಾ? ಧ್ವನಿವಿಜ್ಞಾನದವರು ಯಾರಾದರೂ ಹೇಳಿ.

ಉತ್ತರ: ಭ್ರಮೆ ಅಲ್ಲ. ನಾನು ಪಾಠ ಮಾಡುವುದೇ ಇದನ್ನು. ಜಪಾನಿನ ಧ್ವನಿವಿಜ್ಞಾನಿ ಕವಹರಾ ಶಿಗೆತೊ ಮತ್ತು ಜೊತೆಗಾರರು ಏಳುನೂರಕ್ಕೂ ಹೆಚ್ಚು ಪೋಕೆಮಾನ್ ಹೆಸರು ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. ಹೆಸರಲ್ಲಿ ಗ, ಜ, ದ, ಬ ಜಾಸ್ತಿ ಇದ್ದಷ್ಟೂ ಪ್ರಾಣಿಯ ಎತ್ತರ, ತೂಕ, ಬಲ ಜಾಸ್ತಿ ಇರುವ ಒಲವು ಕಂಡಿತು. ಹೆಸರು ಉದ್ದವಾದರೂ ಹಾಗೇ. ನಿಮ್ಮ ಗೊದಮೊಟ್ಟೆಯನ್ನೇ ನೋಡಿ: ನ್ಯೊರೊಮೊ 12.4 ಕಿಲೊ, ನ್ಯೊರೊಜೊ 20, ನ್ಯೊರೊಬೊನ್ 54.

ಜಪಾನಿಯಲ್ಲಿ ಕ, ಸ, ತ, ಹ ಸಾಲಿನ ಅಕ್ಷರಕ್ಕೆ ಮೇಲೆ ಎರಡು ಚುಕ್ಕೆ ಇಟ್ಟರೆ ಗ, ಜ, ದ, ಬ. ಸಣ್ಣ ಕಲ್ಲು ಉರುಳಿದರೆ ಕೊರೊಕೊರೊ, ಬಂಡೆ ಉರುಳಿದರೆ ಗೊರೊಗೊರೊ. ಮಕ್ಕಳಿಗೂ ಗೊತ್ತಿರುವ ಲೆಕ್ಕ ಇದು.

ಉದ್ದದ ಆಟ ನೋಡಬೇಕೆಂದರೆ 1986ರಲ್ಲಿ ಶುರುವಾದ ಡ್ರ್ಯಾಗನ್ ಕ್ವೆಸ್ಟ್ ಗೇಮ್ ಸರಣಿಯ ಬೆಂಕಿ ಮಂತ್ರಗಳಿವೆ, ಒಂದಕ್ಕಿಂತ ಒಂದು ಜೋರು: ಮೆರ, ಮೆರಮಿ, ಮೆರಜೋಮ. ನಮ್ಮ ಛಂದಸ್ಸಿನ ಹಾಗೆ ಮಾತ್ರೆ ಎಣಿಸಿ. ಎರಡು, ಮೂರು, ಐದು. ಕೊನೆಯದಕ್ಕೆ ಒಂದು ಜ ಬೇರೆ!

ಮರುಪ್ರಶ್ನೆ: ಸರ್, ಗ, ಜ, ದ, ಬ ಥರ ಮ ಕೂಡ ಘೋಷಾಕ್ಷರವೇ (ಗಂಟಲು ಕಂಪಿಸುವ ದನಿ) ಅಲ್ವಾ? ಅದಕ್ಕೆ ಯಾಕೆ ಈ ಭಾರ ಇಲ್ಲ?

ಉತ್ತರ: ಒಳ್ಳೆ ಪ್ರಶ್ನೆ. ಕನ್ನಡಿ ಮುಂದೆ ನಿಂತು, ತುಟಿ ಬಿಡದೆ ಬ್‌ಬ್‌ಬ್ ಅಂತ ಎಳೆಯಿರಿ. ಕೆನ್ನೆ ಉಬ್ಬುತ್ತದೆ, ಬೇಗನೆ ದನಿ ನಿಲ್ಲುತ್ತದೆ. ಗಂಟಲಿಂದ ಬಂದ ಗಾಳಿಗೆ ಹೋಗಲು ದಾರಿ ಇಲ್ಲ, ಬಾಯೇ ಅಗಲವಾಗಬೇಕು. ಮ್‌ಮ್‌ಮ್ ಅನ್ನಿ, ಗಾಳಿ ಮೂಗಿಂದ ಆರಾಮಾಗಿ ಹೋಗುತ್ತದೆ. ಬ ದೊಡ್ಡದು ಅನ್ನಿಸಲು ಈ ಉಬ್ಬುವಿಕೆಯೂ ಅದರ ತಗ್ಗಿದ ದನಿಯೂ ಕಾರಣ ಇರಬಹುದು ಎನ್ನುತ್ತಾರೆ.

ಇನ್ನೊಬ್ಬರು: ಹಾಗಾದರೆ ಫುಶಿಗಿದನೆ ಅನ್ನುವ ಪೋಕೆಮಾನ್? ಅದರ ಮೂರು ರೂಪಗಳಲ್ಲಿ ಅದೇ ಪುಟಾಣಿ, ಆದರೂ ಗ, ದ ಎರಡೂ ಇವೆ. ಬೆಳೆದ ಫುಶಿಗಿಸೋಗೆ ಬರೀ ಗ.

ಉತ್ತರ: ಸಿಕ್ಕಿಬಿದ್ದೆ! ಇದು ಒಲವು ಅಷ್ಟೆ, ನಿಯಮ ಅಲ್ಲ. ಜೊತೆಗೆ ಆ ದ ಸಂಧಿಯಲ್ಲಿ ಹುಟ್ಟಿದ್ದು. ಫುಶಿಗಿ ಅಂದರೆ ವಿಚಿತ್ರ, ತನೆ ಅಂದರೆ ಬೀಜ, ಸೇರಿದಾಗ ದನೆ. ಮೂರನೆಯದು ಫುಶಿಗಿಬನ, ಹನ ಅಂದರೆ ಹೂ. ಹ ಹೇಗೆ ಬ ಆಯಿತು ಅಂತೀರಾ? ಜಪಾನಿಯ ಹ ಹಿಂದೆ ಪ ಆಗಿತ್ತು, ನಮ್ಮ ಪಾಲು ಹಾಲು ಆದ ಹಾಗೆ. ಆ ಪ ಸೇರುವಾಗ ಬ ಆಗುವುದು ಥೇಟ್ ನಮ್ಮ ಆದೇಶ ಸಂಧಿ. ಮಳೆ, ಕಾಲ ಸೇರಿ ಮಳೆಗಾಲ ಆದಾಗ ಕಾಲವೇನೂ ದಪ್ಪ ಆಗಲ್ಲವಲ್ಲ.